ಉಳಿದುಕೊಂಡವರು ಬಿಟ್ಟುಹೋದದ್ದು

ಕರ್ನಾಟಕ ಸಂಗೀತದ ಕಛೇರಿಗಳ ಹಳೆಯ ಆಹ್ವಾನ ಪತ್ರಿಕೆಗಳನ್ನು ಹರಡಿಕೊಂಡು ಕೂತರೆ ಒಂದು ಇನಿಷಿಯಲ್ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಆರ್.ಕೆ. ಶ್ರೀಕಂಠನ್, ಪಿಟೀಲಿನ ಆರ್.ಕೆ. ವೆಂಕಟರಾಮಾ ಶಾಸ್ತ್ರಿ, ವೀಣೆಯ ಆರ್.ಎನ್. ದೊರೆಸ್ವಾಮಿ, ಏಳು ತಂತಿಯ ಪಿಟೀಲಿನ ಆರ್.ಆರ್. ಕೇಶವಮೂರ್ತಿ, ಸಹೋದರರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ಆರ್.ಕೆ. ಪದ್ಮನಾಭ. ಎಲ್ಲರ ಹೆಸರಿನ ಮುಂದೆ ನಿಂತಿರುವ ಆ ‘ಆರ್’ ರುದ್ರಪಟ್ಟಣ. ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ಒಂದು ಹಳ್ಳಿ. ಇಲ್ಲಿನ ಸಂಕೇತಿ ಸಮುದಾಯದ ಮನೆಗಳಲ್ಲಿ ವೇದ, ಹರಿಕಥೆ, ಗಮಕ, ಸಂಗೀತ ಒಂದೇ ಸೂರಿನಡಿ ಬೆಳೆದವು. ಇಷ್ಟು ಚಿಕ್ಕ ಊರು ಇಷ್ಟೊಂದು ವಿದ್ವಾಂಸರನ್ನು ಕೊಟ್ಟ ಉದಾಹರಣೆ ಇನ್ನೊಂದು ಹುಡುಕುವುದು ಕಷ್ಟ.

ಆದರೆ ಇವರೆಲ್ಲ ಬಾಳಿ ಹೆಸರು ಮಾಡಿದ್ದು ರುದ್ರಪಟ್ಟಣದಲ್ಲಲ್ಲ. 1920ರಲ್ಲಿ ಅಲ್ಲಿ ಹುಟ್ಟಿದ ಶ್ರೀಕಂಠನ್ ಮೈಸೂರಿಗೆ ಹೋದರು, ದಶಕಗಳ ಕಾಲ ಆಕಾಶವಾಣಿಯಲ್ಲಿ ಕೆಲಸ ಮಾಡಿದರು, 2011ರಲ್ಲಿ ಪದ್ಮಭೂಷಣರಾದರು, 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಉಳಿದವರದ್ದೂ ಹೆಚ್ಚುಕಡಿಮೆ ಅದೇ ದಾರಿ. ಅರಮನೆ ಇದ್ದದ್ದು ಮೈಸೂರಿನಲ್ಲಿ. ರೇಡಿಯೋ, ಕಾಲೇಜು, ಸಭೆ, ಶಿಷ್ಯರು, ತಿಂಗಳ ಸಂಬಳ ಎಲ್ಲವೂ ಇದ್ದದ್ದು ಪೇಟೆಯಲ್ಲಿ. ಊರು ಹೆಸರಿನಲ್ಲಿ ಉಳಿಯಿತು, ಮನೆಗಳಿಗೆ ಬೀಗ ಬಿತ್ತು. ಆರ್.ಕೆ. ಪದ್ಮನಾಭ ಅವರು ಊರಿನ ಋಣ ನೆನೆದು ಅಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ಮಂದಿರವನ್ನು ಕಟ್ಟಿಸಿದರು. ವರ್ಷಕ್ಕೊಮ್ಮೆ ಸಂಗೀತೋತ್ಸವವನ್ನೂ ನಡೆಸಿಕೊಂಡು ಬಂದಿದ್ದಾರೆ. ಉತ್ಸವದ ದಿನಗಳಲ್ಲಿ ಶಾಮಿಯಾನ, ಪಂಕ್ತಿಯೂಟ, ಬೆಂಗಳೂರು ನೋಂದಣಿಯ ಕಾರುಗಳ ಸಾಲು. ಆಮೇಲೆ ಊರು ಮತ್ತೆ ತನ್ನ ತಂಬಾಕು, ಶುಂಠಿ, ಭತ್ತದ ಲೆಕ್ಕಕ್ಕೆ ಮರಳುತ್ತದೆ. ಪಕ್ಕದ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ. ಸಂಗೀತಕ್ಕೆ ಅಂಥದ್ದೇನೂ ಇಲ್ಲ.

ಉತ್ಸವ ಬೇಡ ಎಂದು ಯಾರು ಹೇಳುತ್ತಾರೆ? ನನ್ನ ಪ್ರಶ್ನೆ ಮಿಕ್ಕ ಮುನ್ನೂರೈವತ್ತು ದಿನಗಳದ್ದು. ಒಬ್ಬ ಕಲಾವಿದ ಒಂದು ಊರಿಗೆ ಬಂದು, ಅಲ್ಲಿಯೇ ತಿಂಗಳುಗಟ್ಟಲೆ ಉಳಿದು, ತನ್ನ ಕೆಲಸವನ್ನೂ ಮಾಡಿಕೊಂಡು ಊರಿಗೂ ಏನಾದರೂ ಬಿಟ್ಟುಹೋಗುವ ಏರ್ಪಾಟಿಗೆ ಈಗ ರೆಸಿಡೆನ್ಸಿ ಎನ್ನುತ್ತಾರೆ. ಅಮೆರಿಕದ ಮ್ಯಾಕ್‌ಡೊವೆಲ್ 1907ರಿಂದ ನಡೆಯುತ್ತಿದೆ, ಯಾಡೊ ಎಂಬ ಎಸ್ಟೇಟಿಗೆ ಮೊದಲ ಅತಿಥಿಗಳು ಬಂದದ್ದು 1926ರಲ್ಲಿ. ಕಾಡಿನ ನಡುವೆ ಒಂದು ಕೋಣೆ, ಹೊತ್ತಿಗೆ ಸರಿಯಾಗಿ ಊಟ, ಯಾರೂ ಬಂದು ಬಾಗಿಲು ಬಡಿಯುವುದಿಲ್ಲ ಎಂಬ ಭರವಸೆ. ಅವರ ಕಲ್ಪನೆ ಇಷ್ಟೇ. ನಮ್ಮಲ್ಲಿ ಮದರಾಸಿನ ಹೊರವಲಯದಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಗೆಳೆಯರು 1966ರಲ್ಲಿ ಚೋಳಮಂಡಲ ಕಟ್ಟಿದರು. ಬಾಟಿಕ್ ಮತ್ತಿತರ ಕರಕುಶಲ ಕೆಲಸ ಮಾಡಿ ಮಾರಿ ಹೊಟ್ಟೆ ಹೊರೆದುಕೊಂಡರು. ದಿಲ್ಲಿಯಲ್ಲಿ 1997ರಲ್ಲಿ ಖೋಜ್ ಬಂತು. ಬೆಂಗಳೂರಿನ ಶಾಂತಿನಗರದಲ್ಲಿ ಸುರೇಶ್ ಜಯರಾಂ ತಮ್ಮ ಮನೆಯನ್ನೇ ‘ಒನ್ ಶಾಂತಿರೋಡ್’ ಎಂಬ ಕಲಾವಿದರ ತಂಗುದಾಣ ಮಾಡಿದರು. ಹೆಸರಘಟ್ಟದ ನೃತ್ಯಗ್ರಾಮದಲ್ಲಿ ಒಡಿಸ್ಸಿ ಕಲಿಯುವವರು 1990ರಿಂದ ಅಲ್ಲೇ ಉಳಿದು ಕಲಿಯುತ್ತಿದ್ದಾರೆ, ಅದೇ ಆವರಣದಲ್ಲಿ ಸಂಗಂ ಹೌಸ್ ಬೇರೆ ಬೇರೆ ಭಾಷೆಗಳ ಬರಹಗಾರರನ್ನು ಉಳಿಸಿಕೊಂಡು ಬರೆಸಿದೆ.

ಇದನ್ನೆಲ್ಲ ಹಾಸನದ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ ಹೇಳಿದರೆ, ‘ಅಯ್ಯೋ, ನಮ್ಮೂರಿನ ನಾಟಕದ ಮೇಷ್ಟ್ರು ಮಾಡ್ತಿದ್ದದ್ದೂ ಇದೇ ಅಲ್ವೇನ್ರೀ’ ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಅನ್ನಬೇಕಾದದ್ದೇ.

ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಯುವುದು ಇವತ್ತಿಗೂ ಸಣ್ಣ ಸಂಗತಿಯಲ್ಲ. ರಾಗಿ ಕಣ ಮುಗಿದು ಕೈ ಸ್ವಲ್ಪ ಬಿಡುವಾದ ಕೂಡಲೇ ಊರಿನ ಹತ್ತು ಹದಿನೈದು ಜನ ಸೇರಿ ಒಂದು ನಾಟಕ ಗೊತ್ತು ಮಾಡುತ್ತಾರೆ. ಬಹುಪಾಲು ‘ಕುರುಕ್ಷೇತ್ರ’, ಇಲ್ಲದಿದ್ದರೆ ‘ರಾಜಾ ಸತ್ಯವ್ರತ’, ‘ದಕ್ಷಯಜ್ಞ’. ಆಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆತರಬೇಕು. ವೀಳ್ಯ, ಮುಂಗಡ ಕೊಟ್ಟು ಒಪ್ಪಿಸಬೇಕು. ಹಿಂದೆ ಮೇಷ್ಟ್ರು ಪೆಟ್ಟಿಗೆ ಸಮೇತ ಬಂದರೆಂದರೆ ಎರಡು ಮೂರು ತಿಂಗಳು ಅಲ್ಲೇ ಠಿಕಾಣಿ. ಮಲಗುವುದು ದೇವಸ್ಥಾನದ ಹಜಾರದಲ್ಲೋ, ಯಜಮಾನರ ಮನೆಯ ಪಡಸಾಲೆಯಲ್ಲೋ. ಊಟ ಸರದಿಯ ಮೇಲೆ: ಇವತ್ತು ಭೀಮನ ಮನೆ, ನಾಳೆ ಶಕುನಿಯ ಮನೆ. ಪಾತ್ರಗಳಿಗೆ ಬೆಲೆ ಕಟ್ಟುವುದರಲ್ಲೇ ಅರ್ಧ ರಾಜಕೀಯ ಮುಗಿದುಹೋಗುತ್ತದೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು ದುಡ್ಡು. ವಿದುರನಿಗೆ, ಸೈನಿಕನಿಗೆ ಕಡಿಮೆ. ಹೀಗೆ ಕೂಡಿದ ಹಣದಲ್ಲೇ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಮೇಕಪ್ಪು, ತಬಲಾ, ಮೈಕು, ಪೇಟೆಯಿಂದ ಬರುವ ಸ್ತ್ರೀಪಾತ್ರದ ಕಲಾವಿದೆಯರ ಗೌರವಧನ ಎಲ್ಲ ತೂಗಬೇಕು. ಒಂದು ಹಳ್ಳಿಯ ಒಂದು ರಾತ್ರಿಯ ನಾಟಕ ಎಷ್ಟು ಕಸುಬುಗಳ ಒಲೆ ಉರಿಸುತ್ತದೆ ಎಂದು ಯಾವ ಇಲಾಖೆಯೂ ಲೆಕ್ಕ ಹಾಕಿದಂತಿಲ್ಲ.

ಕಲಿಕೆ ನಡೆಯುವುದು ರಾತ್ರಿ. ಡೈರಿಗೆ ಹಾಲು ಹಾಕಿ, ಊಟ ಮುಗಿಸಿ, ಒಬ್ಬೊಬ್ಬರೇ ಬರುತ್ತಾರೆ. ಓದು ಬಾರದವನಿಗೂ ಮೇಷ್ಟ್ರು ಬಾಯಿಪಾಠದಲ್ಲೇ ಮೋಹನ, ಹಿಂದೋಳ, ಭೈರವಿಯ ಮಟ್ಟುಗಳನ್ನು ಕೂರಿಸುತ್ತಾರೆ. ರಾಗದ ಹೆಸರು ಕೇಳಿದರೆ ಅವನು ಹೇಳಲಾರ. ಆದರೆ ಶ್ರುತಿ ಬಿಟ್ಟರೆ ಹಾರ್ಮೋನಿಯಂ ಮೇಲಿನ ಬೆರಳು ತಟಕ್ಕನೆ ನಿಲ್ಲುತ್ತದೆ ಎಂಬುದು ಅವನಿಗೆ ಗೊತ್ತು. ಕಂಪನಿ ನಾಟಕಗಳಿಂದ ಇಳಿದು ಬಂದ ಈ ಸಂಗೀತ ಹಳ್ಳಿಯ ಕೊರಳಿಗೆ ಹೀಗೆ ಸೇರಿತು. ಗುಬ್ಬಿ ಕಂಪನಿಯಂಥವು ಊರಿನಿಂದ ಊರಿಗೆ ಕ್ಯಾಂಪು ಹಾಕುತ್ತಿದ್ದ ಕಾಲದಲ್ಲಿ ಟಾಕಿ ಬಂದು ಕಂಪನಿಗಳು ಸೊರಗಿದಾಗ, ಅವುಗಳ ಹಾಡು ಮತ್ತು ಮಾತಿನ ವರಸೆಯನ್ನು ಜೀವಂತ ಇಟ್ಟವರಲ್ಲಿ ಈ ಮೇಷ್ಟ್ರುಗಳು ಮುಖ್ಯರು. ಚನ್ನರಾಯಪಟ್ಟಣ, ಅರಸೀಕೆರೆ ಮತ್ತು ಪಕ್ಕದ ನಾಗಮಂಗಲದ ಕಡೆ ಮೂಡಲಪಾಯ ಯಕ್ಷಗಾನದ ಭಾಗವತರು ಇದಕ್ಕೂ ಮೊದಲೇ ಹೀಗೆ ಊರಲ್ಲಿ ಉಳಿದು ಕಲಿಸುತ್ತಿದ್ದರು.

ಮೇಷ್ಟ್ರು ಹೋದ ಮೇಲೆ ಊರಿನಲ್ಲಿ ಏನು ಉಳಿಯುತ್ತಿತ್ತು? ಒಂದು ಹಾರ್ಮೋನಿಯಂ ಉಳಿಯುತ್ತಿತ್ತು. ಊರವರೇ ಚಂದಾ ಎತ್ತಿ ತಂದದ್ದು. ಶನಿವಾರದ ಭಜನೆಗೆ ಅದನ್ನು ನುಡಿಸಬಲ್ಲ ಒಬ್ಬ ಹುಡುಗ ಉಳಿಯುತ್ತಿದ್ದ. ಹತ್ತು ವರ್ಷದ ಮೇಲೆ ಅವನೇ ಪಕ್ಕದ ಹಳ್ಳಿಗೆ ಮೇಷ್ಟ್ರಾಗುತ್ತಿದ್ದ. ಯಾವ ಪ್ರತಿಷ್ಠಾನದ ವರದಿಯಲ್ಲೂ ಇದಕ್ಕಿಂತ ಗಟ್ಟಿಯಾದ ಫಲಿತಾಂಶ ನಾನು ಓದಿಲ್ಲ.

ಈಗ ಮೇಷ್ಟ್ರು ಬೈಕಿನಲ್ಲಿ ಬಂದು, ಎರಡು ಗಂಟೆ ಕಲಿಸಿ, ಮತ್ತೆ ಮನೆಗೆ ಹೋಗಿಬಿಡುತ್ತಾರೆ. ಮಟ್ಟುಗಳು ವಾಟ್ಸ್‌ಆ್ಯಪ್ ಆಡಿಯೋದಲ್ಲಿ ಓಡಾಡುತ್ತವೆ. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಹಗಲು ಹೊತ್ತಿನಲ್ಲೇ ಕುರುಕ್ಷೇತ್ರ ನಡೆಯುತ್ತದೆ, ಹೊರಗೆ ಫ್ಲೆಕ್ಸುಗಳಲ್ಲಿ ದುರ್ಯೋಧನ ಗದೆ ಹಿಡಿದು ತಂಪು ಕನ್ನಡಕ ಹಾಕಿಕೊಂಡಿರುತ್ತಾನೆ. ನನಗೆ ಅದರ ಬಗ್ಗೆ ತಕರಾರಿಲ್ಲ, ನಗು ಬರುತ್ತದೆ ಅಷ್ಟೆ. ನಾಟಕ ನಿಂತಿಲ್ಲ. ಮೇಷ್ಟ್ರು ಊರಲ್ಲಿ ಉಳಿಯುವುದು ನಿಂತಿದೆ. ಹಾಗೆ ಉಳಿದಾಗ ಮಾತ್ರ ಸಾಧ್ಯವಾಗುತ್ತಿದ್ದ ಒಂದು ಕೆಲಸವೂ ನಿಂತಿದೆ: ಪಾತ್ರಕ್ಕೆ ದುಡ್ಡು ಕೊಡಲಾಗದೆ ಮೂಲೆಯಲ್ಲಿ ಕೂತು ಕೇಳುತ್ತಿದ್ದ ಹುಡುಗನನ್ನು ಮೇಷ್ಟ್ರು ಗುರುತು ಹಿಡಿದು, ಹಗಲು ಹೊತ್ತಿನಲ್ಲಿ ಕರೆದು ಕಲಿಸುತ್ತಿದ್ದದ್ದು.

ಹಿಂದಿನದ್ದೆಲ್ಲ ಚೆನ್ನಾಗಿತ್ತು ಎನ್ನುವ ರಾಗವನ್ನು ಇಲ್ಲಿ ಎಳೆಯಬಾರದು. ದಲಿತ ಕೇರಿಗೆ ಹೋಗಿ ಕಲಿಸಿದ ಮೇಷ್ಟ್ರುಗಳಂತೆಯೇ, ಕೇರಿಯ ಗಡಿ ದಾಟದ ಮೇಷ್ಟ್ರುಗಳೂ ಇದ್ದರು. ರುದ್ರಪಟ್ಟಣದ ವಿದ್ಯೆ ಮನೆತನದ ವಿದ್ಯೆಯಾಗಿತ್ತು, ಹೊರಗಿನವರಿಗೆ ಸುಲಭವಾಗಿ ದಕ್ಕುವಂಥದ್ದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪ ಕಳೆದ ಶತಮಾನದ ಈ ಸೀಮೆಯಲ್ಲಿ ಬಡ ಹುಡುಗನೊಬ್ಬ ವಾರಾನ್ನ ಉಂಡು ಓದುವುದೆಂದರೆ ಏನು ಎಂಬುದನ್ನು ‘ಭಿತ್ತಿ’ಯಲ್ಲಿ ಬರೆದಿದ್ದಾರೆ. ಅನ್ನ ಹಾಕುವ ಮನೆ ಯಾವಾಗಲೂ ಮರ್ಯಾದೆಯನ್ನೂ ಬಡಿಸುವುದಿಲ್ಲ. ಅದೇ ಭೈರಪ್ಪ ಮುಂದೆ ‘ಮಂದ್ರ’ದಲ್ಲಿ ಸಂಗೀತಗಾರನ ಬದುಕಿನ ಬೆಳಕು ಕೊಳಕು ಎರಡನ್ನೂ ಬಿಚ್ಚಿಟ್ಟರು, 2010ರ ಸರಸ್ವತಿ ಸಮ್ಮಾನ್ ಆ ಕಾದಂಬರಿಗೆ ಬಂತು. ಅರಕಲಗೂಡನ್ನು ಹೆಸರಿನಲ್ಲೇ ಹೊತ್ತ ಅ.ನ. ಕೃಷ್ಣರಾಯರು ಅವರಿಗಿಂತ ಎಷ್ಟೋ ಮೊದಲು ‘ಸಂಧ್ಯಾರಾಗ’ದಲ್ಲಿ ಗಾಯಕನನ್ನು, ‘ಉದಯರಾಗ’ದಲ್ಲಿ ಚಿತ್ರಕಾರನನ್ನು, ‘ನಟಸಾರ್ವಭೌಮ’ದಲ್ಲಿ ನಟನನ್ನು ನಾಯಕರನ್ನಾಗಿಸಿದ್ದರು. ಕಲಾವಿದ ಹೊಟ್ಟೆಗೆ ಏನು ತಿನ್ನುತ್ತಾನೆ ಎಂಬ ಪ್ರಶ್ನೆಯನ್ನು ಕನ್ನಡ ಕಾದಂಬರಿಯಲ್ಲಿ ಗಟ್ಟಿಯಾಗಿ ಕೇಳಿದವರಲ್ಲಿ ಇಬ್ಬರು ಈ ಸೀಮೆಯ ನಂಟಿನವರು ಎನ್ನುವುದು ನನಗೆ ಬರೀ ಕಾಕತಾಳೀಯವಾಗಿ ಕಾಣುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಹೊಯ್ಸಳರ ಶಿಲ್ಪಿಗಳು. 1117ರ ಬೇಲೂರಿನ ಗುಡಿಯಲ್ಲಿ ಹೆಸರು ಕೆತ್ತಿಕೊಂಡ ದಾಸೋಜ ಮತ್ತು ಅವನ ಮಗ ಚಾವಣ ಬಂದದ್ದು ಶಿಕಾರಿಪುರ ಕಡೆಯ ಬಳ್ಳಿಗಾವಿಯಿಂದ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ 1246ರದ್ದು. ಅದರ ಗೋಡೆಗಳನ್ನು ಮಲ್ಲಿತಮ್ಮ ಮತ್ತು ಬೈಚೋಜ ಎಂಬ ಇಬ್ಬರು ದಿಕ್ಕು ಹಂಚಿಕೊಂಡು ಕೆತ್ತಿದರು, ಉತ್ತರದ ಮಗ್ಗುಲು ಮಲ್ಲಿತಮ್ಮನದು, ದಕ್ಷಿಣದ್ದು ಬೈಚೋಜನದು. ಇಬ್ಬರ ಕೈ ಬೇರೆ ಬೇರೆ ಎಂದು ಇವತ್ತಿಗೂ ನೋಡಿದರೆ ತಿಳಿಯುತ್ತದೆ. ಮಲ್ಲಿತಮ್ಮನ ಹೆಸರು ಮುಂದೆ ಸೋಮನಾಥಪುರದಲ್ಲೂ ಸಿಗುತ್ತದೆ. ಅಂದರೆ ಊರಿಂದ ಊರಿಗೆ ಹೋಗಿ, ಗುಡಿ ಮುಗಿಯುವ ತನಕ ವರ್ಷಗಟ್ಟಲೆ ಉಳಿದು, ಸ್ಥಳೀಯ ಕಲ್ಲುಕುಟಿಕರಿಗೆ ಉಳಿ ಹಿಡಿಸಿ, ಮತ್ತೆ ಮುಂದಿನ ಊರು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ನುಗ್ಗೇಹಳ್ಳಿ ಸೇರಲಿಲ್ಲ. ಒಂದು ದೃಷ್ಟಿಯಲ್ಲಿ ಒಳ್ಳೆಯದೇ ಆಯಿತು, ಅಲ್ಲಿ ಇನ್ನೂ ಒಬ್ಬರೇ ನಿಂತು ನೋಡಬಹುದು.

ಹೊಳೆನರಸೀಪುರದಲ್ಲಿ ಬೇರೆಯದೇ ಒಂದು ಮಾದರಿ ಇದೆ. ಸಚ್ಚಿದಾನಂದೇಂದ್ರ ಸರಸ್ವತಿಗಳ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ 1920ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, 1937ರಲ್ಲಿ ಹೇಮಾವತಿ ದಡದ ಈ ಊರಿಗೆ ಬಂತು. ಶಾಂಕರ ವೇದಾಂತ ಓದಲು ದೂರದೂರದವರು ಬಂದು ಉಳಿದರು; ಪುಸ್ತಕದ ಮೇಲೆ ಪುಸ್ತಕ ಅಚ್ಚಾದವು. ಒಬ್ಬ ವಿದ್ವಾಂಸ, ಒಂದು ಅಚ್ಚಿನ ಮನೆ, ಉಳಿಯಲು ಜಾಗ: ಸಣ್ಣ ಪಟ್ಟಣಕ್ಕೆ ಇಷ್ಟು ಸಾಕಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಈಗಿನ ಕಥೆಗೆ ಬರೋಣ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಊರಿಗೆ ಊರೇ ಫ್ಲೆಕ್ಸು ಕಟ್ಟಿತು. ವಕೀಲಿಕೆ, ಸಂಸಾರ, ಹೋರಾಟ, ಪತ್ರಿಕೆಯ ಬರವಣಿಗೆ ಇವುಗಳ ನಡುವೆ ಹುಟ್ಟಿದ ಕಥೆಗಳು ಅವು. ‘ನೋಡಿ, ಯಾವ ರೆಸಿಡೆನ್ಸಿಯೂ ಇಲ್ಲದೆ ಬರೆದರು’ ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಆ ಹೆಮ್ಮೆ ನನಗೆ ಅರ್ಥವಾಗುವುದಿಲ್ಲ. ನಡುವೆ ಬರೆಯದೆ ಹೋದ ಕಥೆಗಳ ಲೆಕ್ಕ ಯಾರಿಡುತ್ತಾರೆ? ಹಾಸನ, ಅರಕಲಗೂಡಿನ ಕಾಲೇಜುಗಳಲ್ಲಿ, ಕೋರ್ಟುಗಳಲ್ಲಿ, ಅಂಗನವಾಡಿಗಳಲ್ಲಿ ಕೆಲಸ ಮಾಡುತ್ತ ಬರೆಯುವ ಹೆಣ್ಣುಮಕ್ಕಳಿಗೆ ರೆಸಿಡೆನ್ಸಿ ಎಂದರೆ ಮೊದಲು ಬೇಕಿರುವುದು ಕಾಡು, ನದಿ, ಗುಬ್ಬಚ್ಚಿಯ ಸದ್ದಲ್ಲ. ನಾಳೆ ಬೆಳಗ್ಗೆ ಏನು ತಿಂಡಿ ಎಂದು ಯಾರೂ ತನ್ನನ್ನು ಕೇಳದ ಹದಿನೈದು ದಿನ. ಅದು ಗಂಡಸರಿಗೆ ಮನೆಯಲ್ಲೇ ಸಿಗುತ್ತದೆ, ಅದಕ್ಕೇ ಅದರ ಬೆಲೆ ಅವರಿಗೆ ತಿಳಿಯುವುದಿಲ್ಲ.

ಹಾಗೆಂದು ರೆಸಿಡೆನ್ಸಿ ಎಂಬ ಬೋರ್ಡು ಹಾಕಿದ್ದೆಲ್ಲ ಊರಿಗೆ ಒಳ್ಳೆಯದು ಮಾಡುತ್ತದೆಯೇ? ಇಲ್ಲ. ನಗರದಿಂದ ಬಂದವರು ಹಳ್ಳಿಯ ಹೊರಗಿನ ತೋಟದ ಮನೆಯಲ್ಲಿ ಉಳಿದು, ಮುದುಕಿಯರ ಮುಖದ ಸುಕ್ಕು, ಬೀಳುತ್ತಿರುವ ಮಣ್ಣಿನ ಗೋಡೆ ಫೋಟೊ ತೆಗೆದುಕೊಂಡು ಹೋಗಿ ಬೇರೆಲ್ಲೋ ಪ್ರದರ್ಶನ ಮಾಡುವುದುಂಟು. ಆ ಮುದುಕಿ ಆ ಪ್ರದರ್ಶನವನ್ನು ನೋಡುವುದೇ ಇಲ್ಲ. ಸರ್ಕಾರಿ ಕಲಾ ಶಿಬಿರಗಳದ್ದು ಇನ್ನೊಂದು ಬಗೆ: ಐದಾರು ದಿನ ವಸತಿ, ಕೊನೆಯ ದಿನ ಗಣ್ಯರ ಭಾಷಣ, ಮುಗಿದ ಚಿತ್ರಗಳು ಕಟ್ಟಿಕೊಂಡು ರಾಜಧಾನಿಗೆ. ಜಿಲ್ಲೆಯ ಚಿತ್ರಕಲಾ ವಿದ್ಯಾರ್ಥಿಗಳಿಗೆ ಕುರ್ಚಿ ಎತ್ತಿಡುವ ಅವಕಾಶ. ಕೆ.ಟಿ. ಶಿವಪ್ರಸಾದ್‌ರಂಥ ಚಿತ್ರಕಾರರು ಹಾಸನದಲ್ಲೇ ನೆಲೆ ನಿಂತು ಚಿತ್ರ ಬರೆದರು. ಅಂಥವರ ಕೋಣೆಗೆ ಹೋಗಿ ಬಣ್ಣ ಕಲೆಸುವುದನ್ನು ಸುಮ್ಮನೆ ನೋಡುತ್ತ ಕೂತರೂ ಒಬ್ಬ ಹುಡುಗಿಗೆ ಯಾವುದೇ ಶಿಬಿರಕ್ಕಿಂತ ಹೆಚ್ಚು ಸಿಗುತ್ತದೆ.

ಎರಡು ಜಾಗಗಳಲ್ಲಿ ಹೀಗೆ ಬಂದು ಉಳಿಯುವ ಏರ್ಪಾಟು ಗೆದ್ದಿದೆ; ಯಾಕೆ ಗೆದ್ದಿತು ಎಂಬುದನ್ನು ಗಮನಿಸಬೇಕು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ 1949ರಿಂದ ಊರಿನವರದ್ದೇ ತಂಡವಾಗಿ ಬೆಳೆದಿತ್ತು. ಆಮೇಲೆ, 1980ರಲ್ಲಿ ಕೆ.ವಿ. ಸುಬ್ಬಣ್ಣ ಅಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು. 1985ರಲ್ಲಿ ತಿರುಗಾಟ ಶುರುವಾಗಿ ಕಲಿತವರ ನಾಟಕಗಳು ಊರೂರಿಗೆ ಹೋದವು. ಹೊರಗಿನ ನಿರ್ದೇಶಕರು ಬಂದು ತಿಂಗಳುಗಟ್ಟಲೆ ಉಳಿದರು, ಆದರೆ ಅವರಿಗೆ ಎದುರಾದದ್ದು ಆಗಲೇ ನಾಟಕ ನೋಡಿ ಪಳಗಿದ, ಮುಲಾಜಿಲ್ಲದೆ ಪ್ರಶ್ನೆ ಕೇಳುವ ಅಡಿಕೆ ಬೆಳೆಗಾರರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮಿಗಳು 1997ರಲ್ಲಿ ಶಿವಸಂಚಾರ ಆರಂಭಿಸಿದಾಗ ಬೆನ್ನಿಗೆ ಮಠ ಇತ್ತು, ಅದರ ಭಕ್ತರಿದ್ದರು, ದಾಸೋಹವಿತ್ತು. ಎರಡೂ ಕಡೆ ಊರು ಮೊದಲು ಸಿದ್ಧವಾಗಿತ್ತು, ಅತಿಥಿ ಆಮೇಲೆ ಬಂದ. ಕಟ್ಟಡ ಕಟ್ಟಿ ಅತಿಥಿಯನ್ನು ಕರೆದು, ಊರು ಬಂದೀತೆಂದು ಕಾಯುವವರು ಕಾಯುತ್ತಲೇ ಇರುತ್ತಾರೆ.

ಆ ಲೆಕ್ಕದಲ್ಲಿ ಹಾಸನ ಸೀಮೆಯ ಈ ತಾಲ್ಲೂಕುಗಳು ಬಹಳ ಶ್ರೀಮಂತ. ಊರು ಸಿದ್ಧವಾಗಿಯೇ ಇದೆ. ಕುರುಕ್ಷೇತ್ರವನ್ನು ಬೆಳಗಿನ ತನಕ ಕೂತು ನೋಡುವ, ಪದ್ಯ ಚೆನ್ನಾಗಿ ಬಂದರೆ ‘ಒನ್ಸ್ ಮೋರ್’ ಎಂದು ಕೂಗುವ, ನೋಟಿನ ಹಾರ ಹಾಕುವ ಪ್ರೇಕ್ಷಕರಿದ್ದಾರೆ. ತಂಗಲು ಜಾಗವೂ ಇದೆ. ಶ್ರವಣಬೆಳಗೊಳದಲ್ಲಿ ಯಾತ್ರಿಕರಿಗೆಂದು ಕಟ್ಟಿದ ವಸತಿಗೃಹಗಳು ಸಾಲುಸಾಲಾಗಿ ನಿಂತಿವೆ. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ 2018ರಲ್ಲಿ ಮುಗಿದಿದೆ. ಜನಜಂಗುಳಿ ಇಲ್ಲದ ತಿಂಗಳುಗಳಲ್ಲಿ ನಾಲ್ಕು ಕೋಣೆ ಕಲಾವಿದರಿಗೆ ಬಿಟ್ಟರೆ ಗೊಮ್ಮಟ ಬೇಸರಿಸಿಕೊಳ್ಳಲಾರ. ಮಕ್ಕಳಿಲ್ಲದೆ ಮುಚ್ಚಿದ ಸರ್ಕಾರಿ ಶಾಲೆಗಳಿವೆ. ರುದ್ರಪಟ್ಟಣದಲ್ಲಿ ಬೀಗ ಹಾಕಿದ ಜಗಲಿಮನೆಗಳಿವೆ. ಕೊರತೆ ಇರುವುದು ಸೇರಿಸುವ ಕೈಗಳದ್ದು.

ನನ್ನ ಮಟ್ಟಿಗೆ ಮೊದಲು ಮಾಡಿ ನೋಡಬೇಕಾದದ್ದು ಹೀಗೆ. ರುದ್ರಪಟ್ಟಣದ ಒಂದು ಮನೆಯಲ್ಲಿ, ಒಂದೇ ತಿಂಗಳು, ಇಬ್ಬರನ್ನು ಉಳಿಸಬೇಕು. ಒಬ್ಬರು ಆ ಊರಿನ ಮೂಲದ ಪರಂಪರೆಯಲ್ಲಿ ಕಲಿತು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹಾಡುತ್ತಿರುವ ತರುಣ ಗಾಯಕಿ. ಇನ್ನೊಬ್ಬರು ಹೊಳೆನರಸೀಪುರ ಕಡೆಯ ಹಾರ್ಮೋನಿಯಂ ಮೇಷ್ಟ್ರು. ಮೋಹನ ರಾಗ ಇಬ್ಬರಿಗೂ ಗೊತ್ತು, ಆದರೆ ಅವಳ ಮೋಹನ ಕೀರ್ತನೆಯಲ್ಲಿ ಅರಳುತ್ತದೆ, ಇವರ ಮೋಹನ ಕೃಷ್ಣನ ಪ್ರವೇಶಕ್ಕೆ ಧ್ವನಿವರ್ಧಕ ಇಲ್ಲದೆಯೂ ಕೊನೆಯ ಸಾಲಿಗೆ ಮುಟ್ಟಬೇಕು. ಗಮಕವನ್ನು ಹಾರ್ಮೋನಿಯಂ ಮನೆಗಳಲ್ಲಿ ಹಿಡಿಯುವುದು ಹೇಗೆ ಎಂಬ ಒಂದೇ ಜಗಳಕ್ಕೆ ತಿಂಗಳು ಸಾಲದು. ಬೆಳಗು ಅವರವರದ್ದು, ಯಾರೂ ತೊಂದರೆ ಕೊಡಬಾರದು. ಸಂಜೆ ಕೊಣನೂರು, ರಾಮನಾಥಪುರದ ಶಾಲಾಮಕ್ಕಳು ಬರಲಿ. ಯಾವ ಕೇರಿಯವರು ಎಂದು ಬಾಗಿಲಲ್ಲಿ ಕೇಳುವಂತಿಲ್ಲ. ಊಟ ಸರದಿಯ ಮೇಲೆ ಊರಿನ ಮನೆಗಳಿಂದಲೇ ಬರಲಿ, ಆದರೆ ಆ ಮನೆಯ ಹೆಂಗಸರಿಗೆ ಅಡುಗೆಯ ಖರ್ಚು ಕೈಗೆ ಸಿಗಬೇಕು. ಕೊನೆಗೆ ಸಮಾರೋಪ, ಫಲತಾಂಬೂಲ, ನೆನಪಿನ ಕಾಣಿಕೆ ಯಾವುದೂ ಬೇಡ. ಮಾರ್ಗಶಿರದ ಷಷ್ಠಿ ಜಾತ್ರೆಗೆ ರಾಮನಾಥಪುರದಲ್ಲಿ ಹೇಗೂ ಜನ ಸೇರುತ್ತಾರೆ, ಹಾಡಬೇಕೆನ್ನಿಸಿದವರು ಅಲ್ಲಿ ಹಾಡಲಿ.

ದುಡ್ಡು ಎಲ್ಲಿಂದ ಎಂದು ಕೇಳುವವರಿಗೆ: ಜಿಲ್ಲಾ ಉತ್ಸವದ ಒಂದು ಸಂಜೆಗೆ ಸಿನಿಮಾ ಗಾಯಕರನ್ನು ಕರೆಸುವ ಖರ್ಚಿನ ಒಂದು ಚೂರು ಸಾಕು. ನಗರದಲ್ಲಿ ನೆಲೆಸಿದ ರುದ್ರಪಟ್ಟಣದ ಮನೆತನಗಳು ಮನಸ್ಸು ಮಾಡಿದರೆ ಅದೂ ಬೇಡ.

ಇನ್ನು ಅದಕ್ಕೂ ಮೊದಲು, ಅಂದರೆ ಗಾಯಕಿ ಮತ್ತು ಮೇಷ್ಟ್ರು ಬರುವುದಕ್ಕೂ ಮೊದಲು, ಒಬ್ಬ ವಾದ್ಯ ರಿಪೇರಿಯವರನ್ನು ಕರೆದು ಹದಿನೈದು ದಿನ ಉಳಿಸಿಕೊಳ್ಳಬೇಕು. ಈ ಹಳ್ಳಿಗಳ ಭಜನೆ ಮನೆಗಳಲ್ಲಿ ರೀಡು ಹೋದ, ತಿದಿ ಹರಿದ ಹಾರ್ಮೋನಿಯಂಗಳು, ಕರಣೆ ಉದುರಿದ ತಬಲಾಗಳು ಅಟ್ಟದ ಮೇಲಿವೆ. ಸರಿ ಮಾಡಿಸಲು ಪೇಟೆಗೆ ಒಯ್ಯಬೇಕು, ಒಯ್ಯುವವರಿಲ್ಲ. ಅವರು ಬಂದು ಒಂದು ಜಗಲಿಯ ಮೇಲೆ ಸಲಕರಣೆ ಹರಡಿ ಕೂತರೆ ಸುತ್ತಲಿನ ಊರುಗಳಿಂದ ಪೆಟ್ಟಿಗೆಗಳು ಟ್ರ್ಯಾಕ್ಟರಿನಲ್ಲಿ ಬರುತ್ತವೆ. ಐಟಿಐ ಮುಗಿಸಿ ಕೆಲಸವಿಲ್ಲದೆ ಕೂತ ಇಬ್ಬರು ಹುಡುಗರನ್ನು ಅವರ ಪಕ್ಕಕ್ಕೆ ಕೂರಿಸಿ ರೀಡು ಉಜ್ಜಿ ಶ್ರುತಿಗೆ ತರುವುದನ್ನು ಕಲಿಸಿಬಿಟ್ಟರೆ, ಮುಂದಿನ ಸುಗ್ಗಿಗೆ ನಾಟಕ ಕಲಿಯುವ ಊರುಗಳು ಪೇಟೆಯ ಮುಖ ನೋಡಬೇಕಾಗಿಲ್ಲ.